ಬೂದಿರಾಣಿಯ ಮುಖ

ಏಪ್ರಿಲ್ 12, ಶನಿವಾರ. ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ವಿಜಯಪುರದ ಗಾಂಧಿ ಚೌಕ ಠಾಣೆಯ ಮೆಟ್ಟಿಲು ಹತ್ತಿ ಬಂದ ಯುವತಿಯ ಕೈಯಲ್ಲಿ ಖಾಲಿ ಚೌಕಟ್ಟೊಂದು ಇತ್ತು. ಗಾಜಿತ್ತು, ಹಿಂದಿನ ರಟ್ಟಿತ್ತು, ನಡುವೆ ಇರಬೇಕಾದ ಚಿತ್ರ ಮಾತ್ರ ಇರಲಿಲ್ಲ.

ಇನ್ಸ್‌ಪೆಕ್ಟರ್ ರಾಜೇಶ್ವರಿ ಕನ್ನೂರ ಆಗಷ್ಟೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಸೋಮವಾರದ ಮೆರವಣಿಗೆಯ ಬಂದೋಬಸ್ತಿನ ನಕ್ಷೆ ಮೇಜಿನ ಮೇಲೆ ಹರಡಿತ್ತು. ಚೌಕಟ್ಟು ಕಂಡ ಕೂಡಲೇ ಅವರು ನಕ್ಷೆಯನ್ನು ಮಡಚಿ ಬದಿಗಿಟ್ಟರು.

"ಇದನ್ಯಾಕ ತಂದ್ರಿ? ಇದ್ದಲ್ಲೇ ಬಿಡಬೇಕಿತ್ತು."

"ತಿಳೀಲಿಲ್ರಿ ಮೇಡಂ. ಕೈಕಾಲು ಆಡಲಿಲ್ಲ. ತಗೊಂಡು ಓಡಿ ಬಂದೆ."

"ಕುಂದರ್ರಿ. ಏನು ಕಳುವಾಗೈತಿ?"

"ಚಿತ್ರ ರೀ. ನಾನ ತಗದಿದ್ದು."

ಅವಳ ಹೆಸರು ಜೀನತ ಇನಾಮದಾರ, ವಯಸ್ಸು ಇಪ್ಪತ್ತಾರು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಹೇಳಿದ್ದು ಹೀಗಿತ್ತು. ಬೆಂಗಳೂರಿನ ಸಿನಿಮಾ ಕಂಪನಿಯೊಂದು 'ಕೆಂಡಕೋಟೆ' ಎಂಬ ದೊಡ್ಡ ಚಿತ್ರ ತೆಗೆಯುತ್ತಿದೆ. ಬೂದಿ ಸುರಿಯುವ ಊರು, ಮಾಟದ ಕೋಟೆ, ಅದನ್ನು ಆಳುವ ಬೂದಿರಾಣಿ. ಒಟ್ಟಿನಲ್ಲಿ ಕತ್ತಲಿನ ಕತೆ. ಇನ್ನೂ ಶೂಟಿಂಗೇ ಶುರುವಾಗಿಲ್ಲ. ಆದರೆ ಕ್ಯಾಮೆರಾ ತಿರುಗುವ ಮೊದಲು ಊರು ಹೇಗಿರಬೇಕು, ಮೃಗ ಹೇಗಿರಬೇಕು, ಪಾತ್ರದ ಮುಖ ಹೇಗಿರಬೇಕು ಎಂದು ಕಲಾವಿದರು ಚಿತ್ರ ಬರೆದು ಕೊಡುತ್ತಾರೆ. ಅದಕ್ಕೆ ಕಾನ್ಸೆಪ್ಟ್ ಆರ್ಟ್ ಎನ್ನುತ್ತಾರೆ. ಜೀನತ ಮನೆಯಲ್ಲಿ ಕೂತು ಕೈಯಿಂದಲೇ ಅಂಥ ಹನ್ನೆರಡು ಚಿತ್ರ ಬರೆದಿದ್ದಳು. ಹನ್ನೊಂದನ್ನು ಕಂಪನಿ ಒಂದೊಂದಾಗಿ ಇಂಟರ್ನೆಟ್ಟಿಗೆ ಬಿಟ್ಟಿತ್ತು. ಅಷ್ಟಕ್ಕೇ ಸೊಲ್ಲಾಪುರದಿಂದ ಕಲಬುರಗಿವರೆಗೆ ಅಭಿಮಾನಿಗಳು ಹುಟ್ಟಿಕೊಂಡಿದ್ದರು. ಹನ್ನೆರಡನೆಯದು ಬೂದಿರಾಣಿಯ ಮುಖ. ಹಿಂದೆ ಒಂದೆರಡು ಚಿತ್ರ ಸೋರಿಹೋಗಿದ್ದರಿಂದ ಇದನ್ನು ಸ್ಕ್ಯಾನ್ ಮಾಡಬೇಡ, ಫೋಟೋ ತೆಗೆಯಬೇಡ, ನಾನೇ ಬಂದು ಜನರ ಮುಂದೆ ಬಟ್ಟೆ ಸರಿಸುತ್ತೇನೆ ಎಂದು ನಿರ್ದೇಶಕರು ಹೇಳಿದ್ದರು. ಭಾನುವಾರ ಬೆಳಿಗ್ಗೆ 11ಕ್ಕೆ, ಚೌಕದ ಹಿಂದಿನ ಗಲ್ಲಿಯ ಚಂದ್ರಕೋರ ಟಾಕೀಜಿನಲ್ಲಿ. ಮೂರು ವರ್ಷದಿಂದ ಮುಚ್ಚಿದ್ದ ಟಾಕೀಜನ್ನು ಇದಕ್ಕಾಗಿಯೇ ತೆರೆದಿದ್ದರು.

"ಇನ್ನೊಂದು ಪ್ರತಿ?"

"ಇಲ್ರಿ. ನಾಲ್ಕು ತಿಂಗಳ ಕೆಲಸ. ಅದೊಂದ ಇದ್ದಿದ್ದು."

"ಕಡೀಕ ಯಾವಾಗ ನೋಡಿದ್ರಿ?"

"ನಿನ್ನೆ ಮಧ್ಯಾಹ್ನ ಹನ್ನೆರಡೂವರಿಗೆ. ಗೋಡೆಗೆ ಹಾಕಿಸಿ, ಮ್ಯಾಲ ಕರೇ ಬಟ್ಟಿ ಮುಚ್ಚಿಸಿ ಮನಿಗೆ ಹೋದೆ. ಇವತ್ತು ಮುಂಜಾನೆ ಬಟ್ಟಿ ಎತ್ತಿದ್ರ ಬರೇ ಗಾಜು."

ರಾಜೇಶ್ವರಿ ಕರವಸ್ತ್ರದಿಂದ ಹಿಡಿದು ಚೌಕಟ್ಟನ್ನು ಮಗುಚಿದರು. ಹಿಂದಿನ ರಟ್ಟಿಗೆ ಎಂಟು ಸ್ಕ್ರೂ. ಎಂಟೂ ತಮ್ಮ ತಮ್ಮ ಜಾಗದಲ್ಲಿ ಬಿಗಿಯಾಗಿ ಕೂತಿದ್ದವು. ಅವಸರದ ಕಳ್ಳ ಗಾಜು ಒಡೆಯುತ್ತಾನೆ. ಇವನು ಬಿಚ್ಚಿ, ತೆಗೆದುಕೊಂಡು, ಮತ್ತೆ ಸ್ಕ್ರೂ ತಿರುಗಿಸಿ ಹೋಗಿದ್ದಾನೆ. ಹದಿನಾರು ವರ್ಷದ ನೌಕರಿಯಲ್ಲಿ ಬೈಕು, ಬಂಗಾರ, ಮೊಬೈಲು ಎಷ್ಟೋ ಹುಡುಕಿದ್ದ ರಾಜೇಶ್ವರಿಗೆ ಚಿತ್ರದ ಕಳವು ಇದೇ ಮೊದಲು. ಆದರೂ ಅವರಿಗೆ ಗಾಬರಿಯೇನೂ ಆಗಲಿಲ್ಲ. ಕಾಗದವಾದರೂ ಅದು ಗಾಳಿಗೆ ಹಾರಿ ಹೋಗಿಲ್ಲ, ಯಾರೋ ಎರಡು ಕೈಯಲ್ಲಿ ಹಿಡಿದು ಹೊತ್ತೊಯ್ದಿದ್ದಾರೆ. ಅದೂ ಗಾಂಧಿ ಚೌಕದಲ್ಲಿ.

10 ಗಂಟೆ 25ಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ರಾಜೇಶ್ವರಿ ಹೆಡ್ ಕಾನ್ಸ್‌ಟೇಬಲ್ ಮಹಮ್ಮದ ನದಾಫರೊಂದಿಗೆ ಟಾಕೀಜಿನಲ್ಲಿದ್ದರು. ಎದುರಿನ ಬಳೆ ಅಂಗಡಿಯವರೊಬ್ಬರು, ಪುಸ್ತಕದ ಅಂಗಡಿಯವರೊಬ್ಬರು ಪಂಚರಾಗಿ ಬಂದರು. ನದಾಫರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ಹೋದಂತೆ ರಾಜೇಶ್ವರಿ ಸ್ಥಳ ಪಂಚನಾಮೆ ಬರೆಸಿದರು. ಮುಂಬಾಗಿಲ ಕೀಲಿಗೆ ಪೆಟ್ಟಿಲ್ಲ. ಪಕ್ಕದ ಬಾಗಿಲಿಗೆ ಒಳಗಿನಿಂದ ಅಗಳಿ. ಗೋಡೆಯ ಮೇಲೆ ಹನ್ನೊಂದು ಚಿತ್ರ ಹಾಗೇ ಇವೆ: ಮೂರು ಬಾಯಿಯ ತೋಳ, ಬೂದಿಯಲ್ಲಿ ಅರ್ಧ ಹೂತ ಗುಮ್ಮಟ, ಕೆಂಡದ ಕಂದಕ. ಪಂಚರಲ್ಲೊಬ್ಬರು ತೋಳದ ಮುಂದೆ ನಿಂತವರು ಕದಲಲಿಲ್ಲ. ಅವರನ್ನು ಎರಡು ಸಲ ಕೂಗಿ ಕರೆಯಬೇಕಾಯಿತು.

ಟಾಕೀಜಿನ ಮಾಲೀಕ ಅಮರಪ್ಪ ಎಪ್ಪತ್ತರ ಹತ್ತಿರದ ಮನುಷ್ಯ. ಬಿಳಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

"ನಿನ್ನೆ ಎಷ್ಟಕ್ಕ ಕೀಲಿ ಹಾಕಿದ್ರಿ?"

"ಹನ್ನೆರಡೂ ಮುಕ್ಕಾಲಕ್ಕ. ಊಟಕ್ಕ ಹೋದೆ."

"ಕೀಲಿಕೈ?"

"ಟಿಕೆಟ್ ಖಿಡಕಿ ಒಳಗ ಮೊಳಿಗೆ ಹಾಕಿ ಹೋಗಿದ್ನಿರಿ. ಸಂಘದ ಹುಡುಗರು ಬೋರ್ಡ ತರಾವ್ರಿದ್ರು."

"ಅಲ್ಲಿ ಕೀಲಿಕೈ ಇರತೈತಿ ಅಂತ ಯಾರಿಗೆ ಗೊತ್ತು?"

"ನನಗ, ಈ ಹುಡುಗಿಗೆ, ಕಟ್ಟು ಹಾಕೂ ಫಯಾಜಗ, ಆ ಮೊಬೈಲ್ ರಿಪೇರಿ ಮಾಳುಗ. ಇಷ್ಟ ಮಂದಿ."

"ತಿರುಗಿ ಬಂದಿದ್ದು?"

"ಎರಡೂ ಕಾಲಕ್ಕ. ಕೀಲಿಕೈ ಮೊಳಿಗೇ ಇತ್ತು. ಆಮ್ಯಾಲ ರಾತ್ರಿಯೆಲ್ಲಾ ನಾನ ಇಲ್ಲೇ ಬಾಗಲಾಗ ಮಲಗಿದ್ನಿರಿ."

ಪಂಚನಾಮೆ ಮುಗಿದಾಗ 12 ಗಂಟೆ 10 ನಿಮಿಷ. ಹತ್ತು ನಿಮಿಷ ಬಿಟ್ಟು ರಾಜೇಶ್ವರಿಯ ಫೋನು ರಿಂಗಾಯಿತು. ಸಿನಿಮಾ ಕಂಪನಿಯ ಮ್ಯಾನೇಜರು.

"ಮೇಡಂ, ನಮಗೆ ಆ ಹುಡುಗಿ ಮೇಲೇ ಅನುಮಾನ ಇದೆ. ಇಂಥ ಚಿತ್ರಕ್ಕೆ ಹೊರಗೆ ಬೇಡಿಕೆ ಇರುತ್ತೆ. ಅವಳೇ ಯಾರಿಗೋ ಕೊಟ್ಟಿರಬಹುದು. ನಾಳೆಯೊಳಗೆ ಸಿಗದಿದ್ದರೆ ಒಪ್ಪಂದ ರದ್ದು ಮಾಡ್ತೀವಿ. ಹೆಸರೂ ಹಾಕಲ್ಲ."

ಜೀನತ ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದಳು. ಫೋನಿನ ದನಿ ಅವಳಿಗೆ ಕೇಳಿಸುತ್ತಿತ್ತು.

"ಒಪ್ಪಂದ ನಿಮ್ಮದು, ತನಿಖೆ ನನ್ನದು," ಎಂದರು ರಾಜೇಶ್ವರಿ. "ಮಾರೋರು ಹನ್ನೊಂದು ಬಿಟ್ಟು ಒಂದನ್ನ ತಗೊಂಡು ಹೋಗೋದಿಲ್ಲ. ಹರಿಬಿಡೋರು ಮೊಬೈಲಿನಲ್ಲಿ ಫೋಟೋ ಹೊಡೆದು ಹೋಗ್ತಾರೆ. ನಾಳೆ ಬೆಳಗಿನವರೆಗೆ ಯಾರ ಹೆಸರನ್ನೂ ತೆಗೆಯೋಕೆ ಹೋಗಬೇಡಿ." ಫೋನು ಇಟ್ಟು ನದಾಫರ ಕಡೆ ತಿರುಗಿದರು. "ನೆಟ್ಟಿನ್ಯಾಗ ಎಲ್ಲರೆ ಬಂದೈತೇನು?"

"ಇಲ್ರಿ ಮೇಡಂ. ನನ್ನ ಮಗಳು ಈ ಸಿನಿಮಾದ ಹುಚ್ಚಿ. ಮುಂಜಾನಿಂದ ಆಕಿಗೆ ಅದೇ ಕೆಲಸ ಹಚ್ಚೀನಿ. ಎಲ್ಲೂ ಇಲ್ಲ."

ಕದ್ದು ಒಂದು ದಿನವಾಗುತ್ತ ಬಂದರೂ ಚಿತ್ರ ಎಲ್ಲಿಯೂ ಕಾಣಿಸಿಕೊಂಡಿಲ್ಲ. ಹಾಗಾದರೆ ಕದ್ದವನಿಗೆ ಅದನ್ನು ತೋರಿಸುವ ಆಸೆಯಿಲ್ಲ. ಅದು ಯಾರಿಗೂ ಕಾಣಬಾರದು ಎಂಬುದೇ ಅವನ ಆಸೆ. ರಾಜೇಶ್ವರಿ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ಕೇಳಿದ ಪ್ರಶ್ನೆಗಳೆಲ್ಲ ಆ ಒಂದೇ ದಿಕ್ಕಿನವು.

ಫಯಾಜನ ಅಂಗಡಿ ಅದೇ ಗಲ್ಲಿಯ ತುದಿಯಲ್ಲಿ. ಫೋಟೋಗಳಿಗೆ ಕಟ್ಟು ಹಾಕುವುದು ಅವನ ಕೆಲಸ, 'ಕೆಂಡಕೋಟೆ' ಅಭಿಮಾನಿ ಸಂಘದ ಅಧ್ಯಕ್ಷನೂ ಅವನೇ. ಸ್ಕ್ರೂ ತಿರುಗಿಸಲು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ, ಅದು ಅವನಿಗೂ ಹೊಳೆದಿತ್ತು. ಪೊಲೀಸರನ್ನು ಕಂಡು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ.

"ನಿನ್ನೆ ಒಂದರಿಂದ ಎರಡರ ತನಕ ಎಲ್ಲಿದ್ದಿ?"

"ಜುಮ್ಮಾ ನಮಾಜಿಗೆ ಹೋಗಿದ್ನಿರಿ. ಹನ್ನೆರಡೂ ಮುಕ್ಕಾಲಕ್ಕ ಹೋಗಿ ಎರಡಕ್ಕ ಬಂದೀನಿ."

"ಯಾರು ನೋಡ್ಯಾರ?"

ಫಯಾಜ ಬಾಯಿ ತೆರೆಯುವ ಮೊದಲೇ ನದಾಫರು ಕೆಮ್ಮಿದರು. "ನಾನ ನೋಡೀನ್ರಿ ಮೇಡಂ. ನನ್ನ ಮುಂದಿನ ಸಾಲಿನ್ಯಾಗ ಇದ್ದ."

ರಾಜೇಶ್ವರಿಗೆ ನಗು ಬಂತು, ತಡೆದುಕೊಂಡರು. "ಚಿತ್ರ ಗೋಡೆಗೆ ಹಾಕೂಮುಂದ ಯಾರ‍್ಯಾರು ಇದ್ರಿ?"

"ನಾನು, ಜೀನತಬಾಯಿ, ಮಾಳು. ಮೂರ ಮಂದಿ."

"ಬಟ್ಟಿ ಸರಿಸಿ ಯಾರರೆ ನೋಡಿದ್ರೇನು?"

"ಬೇಕಂತ ಸರಿಸಿಲ್ರಿ. ನಾ ಏಣಿ ಮ್ಯಾಲ ಇದ್ದೆ, ಮಾಳು ಕೆಳಗ ಹಿಡಕೊಂಡಿದ್ದ. ಒಂದು ಮೂಲಿ ವಾರಿ ಆಗಿ ವಾಲಿತು, ಬಟ್ಟಿ ಜಾರಿತು. ಅಂವಾ ನೋಡಿದ. ನೋಡಿ ಮಾತ ಬಿಟ್ಟ. ನೀರು ಕುಡದ ಬರ್ತೀನಿ ಅಂತ ಹೊರಗ ಹೋದ. ಮಾರಿ ನೋಡಿ ಅಂಜಿದ ಅನ್ಕೊಂಡೆ. ನನಗೂ ಕಟ್ಟು ಹಾಕೂಮುಂದ ಎದಿ ಝಲ್ ಅಂದಿತ್ತು."

"ಮಾಳು ಯಾರು?"

"ನಮ್ಮ ಸಂಘದ ಕಾರ್ಯದರ್ಶಿ ರೀ. ಬಬಲೇಶ್ವರದಾವ. ಇಲ್ಲೇ ಮೊಬೈಲ್ ರಿಪೇರಿ ಅಂಗಡ್ಯಾಗ ಕೆಲಸ ಮಾಡ್ತಾನ. ನಮ್ಮ ಪೇಜು ನಡಸಾವ ಅಂವಾನ. ಎಲ್ಲಾ ಅವನದ ರೀ. ಎರಡು ವರ್ಷದಾಗ ಅರವತ್ತು ಸಾವಿರ ಮಂದಿ ಕೂಡಿಸ್ಯಾನ."

ಫಯಾಜ ಫೋನು ತೆಗೆದು ಪೇಜು ತೋರಿಸಿದ. ಶುಕ್ರವಾರ ಬೆಳಿಗ್ಗೆ 11ಕ್ಕೆ, 'ಬೂದಿರಾಣಿ ಮುಖ ನೋಡಲು 48 ತಾಸು ಬಾಕಿ'. ಹನ್ನೆರಡಕ್ಕೆ, '47 ತಾಸು'. ಗುರುವಾರ ಇಡೀ ದಿನ ಒಂದು ತಾಸೂ ತಪ್ಪಿರಲಿಲ್ಲ. ಆದರೆ ಶುಕ್ರವಾರ ಒಂದು ಗಂಟೆಗೆ ಬರಬೇಕಾದ '46 ತಾಸು' ಬಂದಿರಲಿಲ್ಲ. ಆಮೇಲೆ ಏನೂ ಇಲ್ಲ. ಕೆಳಗೆ ಜನ ಕೇಳುತ್ತಲೇ ಇದ್ದರು, ಏನಾಯ್ತು, ಎಲ್ಲಿದ್ದೀರಿ ಎಂದು.

"ಫೋನ್ ಮಾಡಿದಿ?"

"ನಿನ್ನೆಯಿಂದ ಬಂದ್ ಐತ್ರಿ. ಕೆಟ್ಟಿರಬೇಕು."

"ಮೊಬೈಲ್ ರಿಪೇರಿ ಮಾಡಾವನ ಫೋನು ಒಂದ ದಿನ ಕೆಟ್ಟ ಬಿದ್ದಿರತೈತೇನು?"

ಫಯಾಜ ತನ್ನ ಫೋನಿನಲ್ಲಿದ್ದ ಮಾಳುವಿನ ಫೋಟೋ ಹುಡುಕಿ ನದಾಫರಿಗೆ ಕಳಿಸಿದ.

ಟಾಕೀಜಿನ ಎದುರಿನ ಬಟ್ಟೆ ಅಂಗಡಿಗೆ ಸಿಸಿ ಕ್ಯಾಮೆರಾ ಇತ್ತು. ಅಂಗಡಿಯ ಒಳಕೋಣೆಯಲ್ಲಿ ಕೂತು ಶುಕ್ರವಾರದ ಮಧ್ಯಾಹ್ನವನ್ನು ಹನ್ನೆರಡೂ ಮುಕ್ಕಾಲಿನಿಂದ ನೋಡುತ್ತ ಹೋದರು. ಸಂಘದ ಹುಡುಗರು ಕೆಂಪು ಕಪ್ಪು ಬೋರ್ಡುಗಳನ್ನು ಹೊತ್ತು ತಂದು ಒಳಗಿಟ್ಟು ಹೋಗುತ್ತಿದ್ದರು. ಒಂಬತ್ತು ಬೋರ್ಡು ಒಳಗೆ ಹೋದವು. 1 ಗಂಟೆ 22 ನಿಮಿಷಕ್ಕೆ ಒಂದು ಬೋರ್ಡು ಹೊರಗೆ ಬಂತು.

"ನಿಲ್ಲಸ್ರಿ," ಎಂದರು ರಾಜೇಶ್ವರಿ. "ಎಲ್ಲಾ ಬೋರ್ಡು ಒಳಗ ಹೊಂಟಾವ. ಇದೊಂದ ಯಾಕ ಹೊರಗ ಬರಾಕತ್ತೈತಿ?"

ನದಾಫರು ಕಣ್ಣು ಕಿರಿದು ಮಾಡಿ ನೋಡಿದರು. ಅದು ಒಂದು ಬೋರ್ಡಲ್ಲ, ಎರಡನ್ನು ಎದುರುಬದುರು ಇಟ್ಟು ಸುತಳಿಯಿಂದ ಕಟ್ಟಿದ್ದು. ಹೊತ್ತವನ ಮುಖ ಅದರ ಹಿಂದೆ ಮರೆಯಾಗಿತ್ತು. ಮುಂದೆ ದೊಡ್ಡಕ್ಷರದಲ್ಲಿ '2 ದಿನ ಬಾಕಿ' ಎಂದಿತ್ತು. ಅಂಥ ಬೋರ್ಡು ಇಡೀ ಚೌಕದಲ್ಲಿ ಎಲ್ಲರ ಕೈಯಲ್ಲೂ ಇದ್ದ ದಿನ ಅದು. ಪೊಲೀಸರ ಮುಂದೆಯೇ ಹಾದು ಹೋಗಿದ್ದರೂ ಯಾರೂ ಕೇಳುತ್ತಿರಲಿಲ್ಲ. ದಪ್ಪ ಕಾಗದದ ಚಿತ್ರವನ್ನು ಸುರುಳಿ ಸುತ್ತಿದರೆ ಬಣ್ಣ ಒಡೆಯುತ್ತದೆ ಎಂದು ತಿಳಿದವನು, ಒಡೆಯಬಾರದು ಎಂದು ಎರಡು ಹಲಗೆಯ ನಡುವೆ ಇಟ್ಟು ಒಯ್ದಿದ್ದಾನೆ.

ಗಲ್ಲಿ ದಾಟಿದರೆ ಹಳ್ಳಿಗಳಿಗೆ ಜನರನ್ನು ಒಯ್ಯುವ ಟಂಟಂ ಆಟೋಗಳು ನಿಲ್ಲುವ ಜಾಗ. ನದಾಫರು ಮೂರನೇ ಗಾಡಿಯಲ್ಲೇ ಬೇಕಾದ ಚಾಲಕನನ್ನು ಹಿಡಿದು ತಂದರು. ಅವನ ಹೆಸರು ರಮಜಾನ.

"ಬೋರ್ಡ ಹಿಡಕೊಂಡಾವ ನೆನಪ ಅದಾನೇನು?"

"ಹ್ಯಾಂಗ ಮರೀಲಿರಿ. ಟಪ್ಪಿನ ಮ್ಯಾಲ ಕಟ್ಟತೀನಿ ಅಂದೆ, ಬ್ಯಾಡ ಅಂದ. ತೊಡಿ ಮ್ಯಾಲ ಇಟ್ಕೊಂಡು ಕುಂತ. ಮಂದಿ ಎಲ್ಲಾ ಬೈದ್ರು. ಒಂದ ಮಾತ ಆಡ್ಲಿಲ್ಲ."

"ಎಲ್ಲಿ ಇಳದ?"

"ಟಿಕೋಟಾದಾಗ."

ಫಯಾಜ ಕಳಿಸಿದ ಫೋಟೋ ತೋರಿಸಿದಾಗ ರಮಜಾನ ಹೌದೆಂದು ತಲೆಯಾಡಿಸಿದ. ಮಾಳುವೇ. ಆದರೆ ಬಬಲೇಶ್ವರದವನು ಟಿಕೋಟಾದಲ್ಲಿ ಇಳಿದದ್ದೇಕೆ? ಒಂದು ತೆಂಕಣ ದಾರಿ, ಇನ್ನೊಂದು ಪಡುವಣ ದಾರಿ.

ರಾಜೇಶ್ವರಿ ಠಾಣೆಗೆ ಮರಳಿ ಜೀನತಳನ್ನು ಎದುರಿಗೆ ಕೂರಿಸಿಕೊಂಡರು. ಆಗ 2 ಗಂಟೆ 30.

"ಒಂದ ಮಾತ ಕೇಳ್ತೀನಿ. ಆ ಮಾರಿ ನಿಮ್ಮ ತಲಿಯಾಗ ಹುಟ್ಟಿದ್ದೊ, ಎಲ್ಲರೆ ನೋಡಿದ್ದೊ?"

ಜೀನತ ಚೀಲದಿಂದ ಹಳೆಯ ಸ್ಕೆಚ್ ಪುಸ್ತಕವೊಂದನ್ನು ತೆಗೆದಳು. ಪೆನ್ಸಿಲಿನಲ್ಲಿ ಬರೆದ ಹೆಂಗಸರು: ಸಾಲಾಗಿ ಕೂತು ಒಣದ್ರಾಕ್ಷಿ ಆರಿಸುವವರು. ನಂತರದ ಆರು ಹಾಳೆಯಲ್ಲಿ ಒಬ್ಬಳೇ. ಎಡಗೆನ್ನೆಯಿಂದ ಕತ್ತಿನವರೆಗೆ ಸುಟ್ಟ ಚರ್ಮ, ಮುದುಡಿ ಅಂಟಿಕೊಂಡ ಎಡಗಿವಿ. ಆದರೆ ಕಣ್ಣು ನೋಡುವವರನ್ನೇ ನೇರವಾಗಿ ನೋಡುತ್ತಿತ್ತು.

"ಟಿಕೋಟಾದ ಮಣೂಕ ಶೆಡ್ಡಿನ್ಯಾಗ ರೀ, ಹೋದ ವರ್ಷ. ರೇಣವ್ವ ಅಂತ. ಮೂರು ದಿನ ಬಾಜೂಕ ಕುಂತು ತಗದೀನಿ. ಕೇಳೇ ತಗದೀನ್ರಿ ಮೇಡಂ. ನಾ ಛಲೋ ಇದ್ದ ಕಡಿಂದ ತಗ್ಯಾಕತ್ತಿದ್ದೆ. ಆಕಿನ ಅಂದ್ಳು, ಈ ಕಡಿ ಎಲ್ಲಾರೂ ತಗೀತಾರ, ಸುಟ್ಟ ಕಡಿ ತಗಿ ಅಂತ."

"ಬೂದಿರಾಣಿ ಮಾಡ್ತೀನಿ ಅಂತ ಹೇಳಿದ್ರಿ?"

"ಹೇಳೀನ್ರಿ. ರಾಣಿ ಅಂದ ಕೂಡಲೇ ನಕ್ಕಳು."

3 ಗಂಟೆ 05ಕ್ಕೆ ಜೀಪು ಟಿಕೋಟಾ ದಾರಿ ಹಿಡಿಯಿತು. ಇಟ್ಟಂಗಿಹಾಳ ದಾಟಿದ ಮೇಲೆ ನದಾಫರು ಕೇಳಿದರು. "ಮೇಡಂ, ಆ ಹುಡುಗ ಆಕಿಗೆ ಏನಾಗಬೇಕು ಅಂತೀರಿ?"

"ಗೊತ್ತಿಲ್ಲ. ಆದ್ರ ಆಕಿ ಊರಿಗೇ ಹೋಗ್ಯಾನ."

ಶೆಡ್ಡಿನಲ್ಲಿ ತಗಡಿನ ಮಾಡಿನ ಕೆಳಗೆ ನಲವತ್ತು ಹೆಂಗಸರು ಕೂತು ಒಣದ್ರಾಕ್ಷಿಯ ದೇಟು ಬಿಡಿಸುತ್ತಿದ್ದರು. ಗಾಳಿಯಲ್ಲಿ ಸಿಹಿಯೂ ಗಂಧಕದ ವಾಸನೆಯೂ ಕೂಡಿ ಮೂಗಿಗೆ ಅಡರುತ್ತಿತ್ತು. ರೇಣವ್ವನನ್ನು ಯಾರೂ ತೋರಿಸಬೇಕಾಗಲಿಲ್ಲ. ಪೊಲೀಸರನ್ನು ಕಂಡು ಉಳಿದವರು ಸೆರಗು ಎಳೆದುಕೊಂಡರು. ಅವಳು ಎಳೆದುಕೊಳ್ಳಲಿಲ್ಲ.

ರಾಜೇಶ್ವರಿ ಅವಳ ಪಕ್ಕದಲ್ಲೇ ತಟ್ಟಿನ ಮೇಲೆ ಕೂತು ಸ್ಕೆಚ್ ಪುಸ್ತಕ ಬಿಚ್ಚಿದರು. ರೇಣವ್ವನ ಮುಖ ಅರಳಿತು.

"ಆ ಪೋರಿ ಕಳಸ್ಯಾಳೇನ್ರಿ? ಎಂದ ಬರತೈತಿ ಸಿನಿಮಾ?"

"ಇನ್ನೂ ತಡ ಐತಿ ಯವ್ವಾ. ನೀ ಕಾಯಾಕತ್ತೀಯೇನು?"

"ಕಾಯದ ಏನ ಮಾಡ್ಲಿರಿ. ವರ್ಷ ಆತು. ದೀಪಾವಳಿಗೆ ಬರತೈತಿ ಅಂದಿದ್ರು, ಬರಲಿಲ್ಲ. ಯುಗಾದಿಗೂ ಬರಲಿಲ್ಲ. ಈ ಶೆಡ್ಡಿನ್ಯಾಗ ಎಲ್ಲಾರಿಗೂ ಹೇಳೀನಿ, ನಾ ರಾಣಿ ಆಗೀನಿ ಅಂತ. ಯಾರೂ ನಂಬವಲ್ಲರು." ಅವಳು ನಕ್ಕಾಗ ಸುಟ್ಟ ಬದಿಯ ತುಟಿ ಅಲುಗಲಿಲ್ಲ, ಇನ್ನೊಂದು ಬದಿ ಎರಡು ಪಟ್ಟು ನಕ್ಕಿತು.

"ಮನ್ಯಾಗ ಹೇಳಿಲ್ಲೇನು?"

"ಮಗಗ ಹೇಳಿಲ್ರಿ. ಅಂವಾ ಶಹರದಾಗ ಇರ್ತಾನ. ಪರದೆ ಮ್ಯಾಲ ಬಂದ ದಿನ ಕರಕೊಂಡ ಹೋಗಿ ಕುಂಡ್ರಸಿ ತೋರಸಬೇಕಂತ ಇಟ್ಕೊಂಡೀನಿ."

"ಮಗನ ಹೆಸರೇನು?"

"ಮಾಳು ರೀ."

ನದಾಫರು ಬೇರೆ ಕಡೆ ನೋಡಿದರು. ರಾಜೇಶ್ವರಿ ಪುಸ್ತಕ ಮುಚ್ಚಿದರು.

ಕೇಳಿದ್ದಕ್ಕೆಲ್ಲ ರೇಣವ್ವ ಉತ್ತರ ಕೊಟ್ಟಳು. ಹದಿನಾಲ್ಕು ವರ್ಷದ ಹಿಂದೆ ದ್ರಾಕ್ಷಿಗೆ ಗಂಧಕದ ಹೊಗೆ ಕೊಡುವ ಕೋಣೆಯಲ್ಲಿ ಬೆಂಕಿ ಹತ್ತಿ ಸುಟ್ಟದ್ದು. ಆಗ ಮಾಳುಗೆ ಎಂಟು ವರ್ಷ. ಶಾಲೆಯಲ್ಲಿ ಹುಡುಗರು ಅವನನ್ನು 'ಅರ್ಧಮಾರಿ ಮಗ' ಎಂದು ಕರೆದದ್ದು, ಅವನು ಹೊಡೆದಾಡಿ ಹಲ್ಲು ಮುರಿದುಕೊಂಡು ಬಂದದ್ದು. ಆಮೇಲೆ ಬಬಲೇಶ್ವರಕ್ಕೆ ಮದುವೆ ಮಾಡಿಕೊಟ್ಟಿದ್ದ ಅವನ ಅಕ್ಕ ಚಂದ್ರಾಬಾಯಿಯ ಮನೆಯಲ್ಲಿದ್ದು ಓದಿದ್ದು. ಈಗಲೂ ಕೇಳಿದವರಿಗೆ ಬಬಲೇಶ್ವರದವನು ಎಂದೇ ಹೇಳುತ್ತಾನೆ, ಗೆಳೆಯರನ್ನು ಟಿಕೋಟಾಕ್ಕೆ ಕರೆತಂದವನಲ್ಲ. ನಿನ್ನೆ ಮಧ್ಯಾಹ್ನ ದಿಢೀರನೆ ಬಂದಿದ್ದ. ಒಂದು ಬೋರ್ಡು ಹೊತ್ತು ತಂದಿದ್ದ. ಅವಳ ಎದುರಿಗೆ ಕೂತು ಬಹಳ ಹೊತ್ತು ಅವಳ ಮುಖವನ್ನೇ ನೋಡಿದ. ಏನೋ ಕೇಳುವವನಂತೆ ಎರಡು ಸಲ ಬಾಯಿ ತೆರೆದ, ಕೇಳಲಿಲ್ಲ. ಊಟವನ್ನೂ ಮಾಡದೆ ಅಕ್ಕನ ಊರಿಗೆ ಹೋದ.

ಯಾಕೆ ಕೇಳುತ್ತಿದ್ದೀರಿ ಎಂದು ಅವಳು ಕೇಳಿದಾಗ ರಾಜೇಶ್ವರಿ ಮುಚ್ಚಿಡದೆ ಹೇಳಿದರು. ರೇಣವ್ವ ಕೈಯಲ್ಲಿದ್ದ ಮಣೂಕವನ್ನು ಬುಟ್ಟಿಗೆ ಹಾಕಿ, ಸೀರೆ ಕೊಡವಿಕೊಂಡು ಎದ್ದಳು.

"ನಾನೂ ಬರ್ತೀನಿ."

"ಜೀಪಿನ್ಯಾಗ ಕುಂದರಬೇಕು. ನಾ ಕರೆಯೂ ತನಕ ಇಳಿಯಾಕ ಬರೂದಿಲ್ಲ."

"ಆತ್ರಿ."

ಬಬಲೇಶ್ವರದಲ್ಲಿ ಚಂದ್ರಾಬಾಯಿಯ ಗಂಡನಿಗೆ ಹಿಟ್ಟಿನ ಗಿರಣಿ ಇತ್ತು. ಜೀಪು ಗಿರಣಿಯ ಮುಂದೆ ನಿಂತಾಗ 5 ಗಂಟೆ 50. ಮಾಳು ಜೋಳದ ಚೀಲಕ್ಕೆ ಒರಗಿ ನಿಂತಿದ್ದ. ತೆಳ್ಳನೆಯ ಇಪ್ಪತ್ತೆರಡರ ಹುಡುಗ, ಹುಬ್ಬಿನ ತುಂಬ ಹಿಟ್ಟು. ಓಡಲಿಲ್ಲ.

"ಮಾಳು ನೀನ ಏನು?"

"ಹೌದ್ರಿ."

"ನಿನ್ನೆ ಮಧ್ಯಾಹ್ನ ಒಂದೂವರಿ ಸುಮಾರಿಗೆ ಎಲ್ಲಿದ್ದಿ?"

"ಅಂಗಡ್ಯಾಗ."

"ನಿಮ್ಮ ಅಂಗಡಿ ಶುಕ್ರವಾರ ಬಂದ್ ಇರತೈತಿ. ಕೇಳೀನಿ ನಾನು."

ಅವನು ಹುಬ್ಬಿನ ಹಿಟ್ಟು ಒರೆಸಿಕೊಂಡ.

"ಟಂಟಂದಾಗ ತೊಡಿ ಮ್ಯಾಲ ಇಟ್ಕೊಂಡ ಕುಂತಿದ್ದೆಲ್ಲ, ಆ ಬೋರ್ಡ ಎಲ್ಲೈತಿ?"

"ಒಗದೀನಿ."

"ಬೋರ್ಡ ಒಗದಿ. ಒಳಗಿಂದು?"

ಗಿರಣಿಯ ಪಟ್ಟಾ ತಿರುಗುತ್ತಲೇ ಇತ್ತು. ಚಂದ್ರಾಬಾಯಿ ಬಂದು ಅದನ್ನು ನಿಲ್ಲಿಸಿದಳು. ಆ ಸದ್ದಡಗಿದ ಮೇಲೆ ಮಾಳು ತಗ್ಗಿದ ದನಿಯಲ್ಲಿ ಹೇಳಿದ.

"ನಾನ ತಗೊಂಡೀನ್ರಿ. ಸುಳ್ಳ ಹೇಳೂದಿಲ್ಲ. ಎಲ್ಲೈತಿ ಅಂತ ರವಿವಾರ ದಾಟಿದ ಮ್ಯಾಲ ಹೇಳ್ತೀನಿ. ಅಲ್ಲಿ ತನಕ ಏನ ಮಾಡಿದ್ರೂ ಹೇಳೂದಿಲ್ಲ."

"ಹೇಳಲಿಲ್ಲಂದ್ರ ನಿನ್ನ ಬಿಟ್ಟು ಹೋಗಾಕ ನನಗ ಬರೂದಿಲ್ಲ. ತಿಳೀತೇನು?"

"ತಿಳೀತ್ರಿ."

6 ಗಂಟೆ 10 ನಿಮಿಷಕ್ಕೆ ಮಾಳುವನ್ನು ಬಂಧಿಸಲಾಯಿತು. ಕಳವಾದ ವಸ್ತು ಸಿಗಬೇಕಾಗಿದೆ ಎಂಬ ಕಾರಣವನ್ನು ಬರೆದು ಅವನ ಕೈಗೆ ಕೊಟ್ಟರು, ಅಕ್ಕನಿಗೆ ತಿಳಿಸಿ ಸಹಿ ಪಡೆದರು. ಅಷ್ಟಾದ ಮೇಲೆ ರಾಜೇಶ್ವರಿ ಜೀಪಿನ ಕಡೆ ನೋಡಿ ತಲೆಯಾಡಿಸಿದರು.

ತಾಯಿ ಇಳಿದು ಬರುವುದನ್ನು ಕಂಡ ಮಾಳು ಗೋಡೆಯ ಕಡೆ ತಿರುಗಿದ. ರೇಣವ್ವ ಅವನ ಹಿಂದೆಯೇ ಹೋಗಿ ನಿಂತಳು. ದನಿ ಏರಿಸಲಿಲ್ಲ.

"ನನ್ನ ಮಾರಿ ಕದಿಯಾಕ ನೀ ಯಾರೋ ಯಪ್ಪಾ?"

"ನಿನಗ ತಿಳಿಯೂದಿಲ್ಲಬೇ."

"ಏನ ತಿಳಿಯೂದಿಲ್ಲ?"

"ಮಂದಿ ಏನೇನ ಬರದಾರ ಗೊತ್ತೇನು? ಬೂದಿರಾಣಿ ಮಾರಿ ಹಂದಿಯಂಗ ಇರಬೇಕು, ಹೆಣದಂಗ ಇರಬೇಕು, ನೋಡಿದ್ರ ವಾಂತಿ ಬರಬೇಕು ಅಂತ. ಎರಡು ಸಾವಿರ ಮಂದಿ ಬರದಾರ. ಅವರಷ್ಟಕ್ಕ ಅವರು ಬರದಿಲ್ಲ, ನಾನ ಬರಸೀನಿ. ಎಲ್ಲಾರಕಿಂತ ಹೊಲಸು ಮಾರಿ ತಗದು ಕಳಸ್ರಿ, ಬಹುಮಾನ ಕೊಡ್ತೀವಿ ಅಂತ ನಾನ ಹಾಕೀನಿ. ನಾನೂ ನಕ್ಕೀನಿ. ಬಟ್ಟಿ ಜಾರಿ ನೋಡ್ತೀನಿ, ನೀ ಇದ್ದಿ."

ನದಾಫರು ಬರೆಯುತ್ತಿದ್ದ ಪೆನ್ನು ಎತ್ತಿ ಹಿಡಿದರು.

"ಆ ಪೋರಿ ನನ್ನ ಕೇಳಿದ್ಳು," ಎಂದಳು ರೇಣವ್ವ. "ಮೂರು ದಿನ ಕುಂತು ನೋಡಿದ್ಳು. ಹದಿನಾಲ್ಕು ವರ್ಷದಾಗ ಅಷ್ಟೊತ್ತು ಯಾರೂ ನನ್ನ ಮಾರಿ ನೋಡಿಲ್ಲ, ನೀನೂ ನೋಡಿಲ್ಲ. ನಿನ್ನೆ ಒಂದ ದಿನ ನೋಡಿದಿ. ನನ್ನ ಮಾರಿ ನಾ ಕೊಟ್ಟೀನಿ. ನಗಾವ್ರು ನಗಲಿ. ನೀ ಕೇಳಬೇಕಿತ್ತು."

ಮಾಳು ಗೋಡೆಗೆ ಹಣೆ ಹಚ್ಚಿದ. ಆಮೇಲೆ ರಾಜೇಶ್ವರಿಯ ಕಡೆ ತಿರುಗಿ, "ಬರ್ರಿ, ತೋರಸ್ತೀನಿ," ಎಂದ.

ಇಬ್ಬರು ಪಂಚರನ್ನು ಕರೆಸಿ ಅವನ ಹೇಳಿಕೆ ಬರೆದುಕೊಂಡರು. ಗಿರಣಿಯ ಅಟ್ಟದ ಮೇಲೆ ತೌಡಿನ ಚೀಲಗಳ ಹಿಂದೆ, ಹಳೆಯ ಜಮಖಾನೆಯಲ್ಲಿ ಸುತ್ತಿ ಮಟ್ಟಸವಾಗಿ ಮಲಗಿಸಿಟ್ಟಿದ್ದ. ಕೆಳಗೆ ಹೊಸ ರಟ್ಟು, ಮೇಲೆ ಹೊಸ ರಟ್ಟು. ಒಂದು ಮೂಲೆಯೂ ಮಡಚಿರಲಿಲ್ಲ. ಜಪ್ತಿ ಪಂಚನಾಮೆ 6 ಗಂಟೆ 40ಕ್ಕೆ ಶುರುವಾಗಿ 7 ಗಂಟೆ 20ಕ್ಕೆ ಮುಗಿಯಿತು.

ಮೊಹರು ಮಾಡುವ ಮುಂಚೆ ರಾಜೇಶ್ವರಿ ಚಿತ್ರವನ್ನು ಬೆಳಕಿಗೆ ಹಿಡಿದರು. ಅವರೂ ಅದನ್ನು ನೋಡುತ್ತಿದ್ದದ್ದು ಅದೇ ಮೊದಲು. ಬೂದಿ ಸುರಿಯುತ್ತಿತ್ತು. ಅದರ ನಡುವೆ ಕಬ್ಬಿಣದ ಕಿರೀಟ ಹೊತ್ತ ಹೆಂಗಸೊಬ್ಬಳು, ಅರ್ಧ ಮುಖ ಇದ್ದಿಲಿನಂತೆ ಒಡೆದು ಒಳಗಿನಿಂದ ಕೆಂಪಗೆ ಉರಿಯುತ್ತಿತ್ತು. ಭಯವೇನೋ ಆಗುತ್ತಿತ್ತು. ಆದರೆ ಅದು ವಿಕಾರ ಕಂಡು ಹುಟ್ಟುವ ಭಯವಲ್ಲ. ಯಾರಿಗೂ ತಲೆ ತಗ್ಗಿಸದವರ ಮುಂದೆ ನಿಂತಾಗ ಆಗುವಂಥದ್ದು.

ರೇಣವ್ವ ಹತ್ತಿರ ಬಂದು ಕೈ ಹಿಂದೆ ಕಟ್ಟಿಕೊಂಡು ನೋಡಿದಳು.

"ಕಿವಿ ಬರೋಬ್ಬರಿ ತಗದಾಳ," ಎಂದಳು. ಆಮೇಲೆ, "ಕಿರೀಟ ಹೊರಾಕ ವಜ್ಜಾ ಆಗಬಹುದು."

ಭಾನುವಾರ ಬೆಳಿಗ್ಗೆ ಮಾಳುವನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಅವನಿಗೆ ಜಾಮೀನು ಸಿಕ್ಕಿತು. ಚಿತ್ರ ಈಗ ಸಾಕ್ಷ್ಯವಾಗಿ ಜಪ್ತಾದ ಮುದ್ದೆಮಾಲಾದ್ದರಿಂದ ನ್ಯಾಯಾಲಯ ಬಿಡುವವರೆಗೆ ಯಾರ ಕೈಗೂ ಕೊಡುವಂತಿರಲಿಲ್ಲ. ಚಂದ್ರಕೋರ ಟಾಕೀಜಿನ ಒಳಗೂ ಹೊರಗೂ ಸೇರಿದ ಮೂರು ಸಾವಿರ ಜನರಿಗೆ ನಿರ್ದೇಶಕರು ಹನ್ನೊಂದು ಚಿತ್ರ ತೋರಿಸಿ, ಹನ್ನೆರಡನೆಯದಕ್ಕೆ ಇನ್ನಷ್ಟು ದಿನ ಕಾಯಬೇಕು ಎಂದರು. ಜನ ಗೊಣಗಿದರು, ಆದರೆ ಯಾರೂ ಎದ್ದು ಹೋಗಲಿಲ್ಲ. ಜೀನತಳ ಹೆಸರು ಉಳಿಯಿತು, ಮ್ಯಾನೇಜರು ಅವಳಿಗೆ ಫೋನು ಮಾಡಿ ತಪ್ಪಾಯಿತೆಂದರು. ದೂರು ಹಿಂತೆಗೆದುಕೊಳ್ಳಲು ಬರುತ್ತದೆಯೇ ಎಂದು ಅವಳು ಸಂಜೆ ಠಾಣೆಗೆ ಬಂದು ಕೇಳಿದಳು. ಅದು ಇನ್ನು ನ್ಯಾಯಾಲಯದ ಮುಂದೆ ಹೇಳುವ ಮಾತು ಎಂದು ರಾಜೇಶ್ವರಿ ತಿಳಿಸಿದರು.

ತಿಂಗಳ ಕೊನೆಯಲ್ಲಿ ದೋಷಾರೋಪಣ ಪಟ್ಟಿ ಸಿದ್ಧವಾಯಿತು. ಅಪರಾಧದ ಉದ್ದೇಶ ಎಂಬಲ್ಲಿ ನದಾಫರು ಅಭ್ಯಾಸದಂತೆ 'ಸ್ವಂತ ಲಾಭಕ್ಕಾಗಿ' ಎಂದು ಬರೆದು ಸಹಿಗೆ ತಂದಿದ್ದರು. ರಾಜೇಶ್ವರಿ ಅದನ್ನು ಹೊಡೆದು ಹಾಕಿ, ತಮ್ಮ ಕೈಯಿಂದಲೇ ಒಂದು ಸಾಲು ಬರೆದು ಸಹಿ ಮಾಡಿದರು: 'ತಾನೇ ಕರೆದು ಕೂಡಿಸಿದ ಜನ ತನ್ನ ತಾಯಿಯ ಮುಖ ನೋಡಿ ನಗಬಾರದೆಂದು.'